ಸೂರಿನ ದೋಣಿ ಮತ್ತು ನಮ್ಮ ಬೆನ್ನುಮೂಳೆ



ರಾಜ್ಯೋತ್ಸವದ ಸಂಭ್ರಮ ಮುಗಿಯುವ ಹೊತ್ತಿಗೆ ಶಿಕಾಗೋ ಸುತ್ತಲಿನ ನಮ್ಮ ಬಡಾವಣೆಗಳಲ್ಲಿ ಮೇಪಲ್ ಮರಗಳು ಬಹುಮಟ್ಟಿಗೆ ಬರಿದಾಗಿರುತ್ತವೆ. ಓಕ್ ಮರಗಳು ಮಾತ್ರ ತಮ್ಮ ಕಂದು ಎಲೆಗಳನ್ನು ಇನ್ನೂ ಕೆಲವು ದಿನ ಬಿಟ್ಟುಕೊಡದೆ ಹಿಡಿದಿರುತ್ತವೆ. ಉದುರಿದ ಎಲೆಗಳಲ್ಲಿ ಕೆಲವು ಅಂಗಳ ಸೇರುತ್ತವೆ, ಕೆಲವು ಮಾಡಿನ ಅಂಚಿನಲ್ಲಿರುವ ಗಟರ್ ಸೇರುತ್ತವೆ. ಅಂಗಳದ ಎಲೆ ಕಣ್ಣಿಗೆ ಕಾಣುತ್ತದೆ. ಗಟರಿನ ಎಲೆ ಕಾಣುವುದಿಲ್ಲ. ಹಾಗಾಗಿ ಅದು ನೆನಪಾಗುವುದು ಯಾವುದೋ ಒಂದು ಶನಿವಾರ, ಮೊದಲ ಹಿಮ ಬೀಳುವ ಸೂಚನೆ ಬಂದಾಗ. ಆಗ ಗರಾಜಿನ ಮೂಲೆಯಿಂದ ಏಣಿ ಹೊರಬರುತ್ತದೆ.

ಆರೋಗ್ಯಕ್ಕೆ ಮೀಸಲಾದ ಈ ಪುಟದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಬಿಟ್ಟು ಮನೆಯ ಸೂರಿನ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣ ಸರಳವಾದುದು. ಏಣಿಯಿಂದ ಬಿದ್ದು ಬರುವ ಗೃಹಸ್ಥರನ್ನು ವೈದ್ಯರಾದ ನಾವು ಪ್ರತಿ ಶರತ್ಕಾಲದಲ್ಲೂ ನೋಡುತ್ತೇವೆ. ಅವರಲ್ಲಿ ನಮ್ಮ ಭಾಷೆಯವರೂ ಇರುತ್ತಾರೆ. ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇವೆ: ಗಟರನ್ನು ವರ್ಷಕ್ಕೆ ಎರಡು ಬಾರಿ ತಪ್ಪದೆ ಶುಚಿಗೊಳಿಸಬೇಕು; ಆದರೆ ಅದಕ್ಕಾಗಿ ಏಣಿ ಹತ್ತುವವರು ಯಾರೆಂಬುದನ್ನು ಅಭಿಮಾನವಾಗಲಿ, ನೂರಿನ್ನೂರು ಡಾಲರಿನ ಉಳಿತಾಯವಾಗಲಿ ನಿರ್ಧರಿಸಬಾರದು. ಎರಡಂತಸ್ತಿನ ಮನೆಯ ಏಣಿಯನ್ನು ನಾವಾರೂ ಹತ್ತಬಾರದು. ಊರಿನಿಂದ ಬಂದ ತಂದೆಯೋ ಮಾವನೋ ಯಾವ ಏಣಿಯನ್ನೂ ಹತ್ತಬಾರದು.

ಒಂದೇ ಮಳೆ, ಎರಡು ಬಗೆಯ ಮನೆ

ಉತ್ತರ ಕರ್ನಾಟಕದವರಿಗೆ ಗಟಾರ ಎಂದರೆ ಬೀದಿಯ ಚರಂಡಿ. ‘ಇವತ್ತು ಗಟರ್ ತೊಳೆದೆ’ ಎಂದು ಹುಬ್ಬಳ್ಳಿಯಲ್ಲಿರುವ ತಾಯಿಗೆ ಫೋನಿನಲ್ಲಿ ಹೇಳಿದರೆ, ಮಗ ಅಮೆರಿಕಕ್ಕೆ ಹೋಗಿ ಎಂತಹ ಕೆಲಸಕ್ಕೆ ಇಳಿದನಪ್ಪಾ ಎಂದು ಆಕೆ ಗಾಬರಿಯಾದರೂ ಆಶ್ಚರ್ಯವಿಲ್ಲ. ಮಲೆನಾಡು, ಕರಾವಳಿಗಳಿಂದ ಬಂದವರಿಗೆ ವಿಷಯ ಬೇಗ ಅರ್ಥವಾಗುತ್ತದೆ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ತೆಗೆದು, ಹಂಚಿನ ಮಾಡಿನ ಅಂಚಿಗೆ ಕಟ್ಟಿದ ದೋಣಿಯನ್ನು ಅವರು ಬಾಲ್ಯದಲ್ಲಿ ಕಂಡಿದ್ದಾರೆ. ಇಲ್ಲಿಯ ಅಲ್ಯುಮಿನಿಯಂ ಗಟರ್ ಅದೇ ದೋಣಿ. ಆದ್ದರಿಂದ ಈ ಬರಹದಲ್ಲಿ ನಾವು ಅದನ್ನು ಸೂರಿನ ದೋಣಿ ಎಂದೇ ಕರೆಯುತ್ತೇವೆ.

ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ಅಪರಿಚಿತ. ಅಲ್ಲಿನ ಮನೆಗಳಿಗೆ ಕಾಂಕ್ರೀಟಿನ ತಾರಸಿ. ಮಳೆಯ ನೀರು ಮೂಲೆಯ ಕೊಳವೆಯಲ್ಲಿ ಇಳಿಯುತ್ತದೆ. ಕೊಳವೆಯ ಬಾಯಿಗೆ ಎಲೆ ಕಟ್ಟಿಕೊಂಡರೆ ತಾರಸಿಗೆ ಹೋಗಿ ಕಾಲಿನಿಂದ ಸರಿಸಿದರೆ ಸಾಕು. ವರ್ಷಕ್ಕೆ ಬೆಂಗಳೂರಿನಲ್ಲಿ ಬೀಳುವ ಮಳೆಯೂ ಶಿಕಾಗೋದಲ್ಲಿ ಬೀಳುವ ಮಳೆ ಮತ್ತು ಕರಗಿದ ಹಿಮವೂ ಹೆಚ್ಚುಕಡಿಮೆ ಒಂದೇ ಪ್ರಮಾಣ: ಸುಮಾರು 38 ಅಂಗುಲ. ಮಳೆ ಒಂದೇ ಆದರೂ ಮನೆ ಬೇರೆ. ಇಲ್ಲಿಯ ಮನೆ ಮರದ ಚೌಕಟ್ಟಿನದು, ಅದರ ಕೆಳಗೆ ನೆಲಮಾಳಿಗೆ ಇದೆ, ಸುತ್ತಲಿನದು ನೀರನ್ನು ಬೇಗ ಇಂಗಿಸಿಕೊಳ್ಳದ ಜೇಡಿಮಣ್ಣು, ಮೇಲೆ ನಾಲ್ಕು ತಿಂಗಳು ನೀರನ್ನು ಮಂಜುಗಡ್ಡೆಯಾಗಿಸುವ ಚಳಿ. ಇಂತಹ ಮನೆಯನ್ನು ನೀರಿನಿಂದ ದೂರವಿಡುವ ಹೊಣೆಯಲ್ಲಿ ಬಹುಪಾಲು ಐದಂಗುಲ ಅಗಲದ ಆ ದೋಣಿಯ ಮೇಲಿದೆ.

ಲೆಕ್ಕ ಹಾಕಿ ನೋಡೋಣ. ಮಾಡು ಆವರಿಸಿರುವ ನೆಲ 1,500 ಚದರಡಿ ಎಂದಿಟ್ಟುಕೊಂಡರೆ, ಒಂದಂಗುಲ ಮಳೆಗೆ ಅದರಿಂದ ಇಳಿಯುವ ನೀರು ಸುಮಾರು 930 ಗ್ಯಾಲನ್, ಅಂದರೆ 3,500 ಲೀಟರ್. ಊರಿನಲ್ಲಿ ಒಂದು ಸಣ್ಣ ಟ್ಯಾಂಕರ್ ತರುವಷ್ಟು ನೀರು. ದೋಣಿಯೂ ಇಳಿಕೊಳವೆಯೂ ಶುಚಿಯಾಗಿದ್ದರೆ ಈ ನೀರು ಗೋಡೆಯಿಂದ ನಾಲ್ಕಾರು ಅಡಿ ಆಚೆ ಹೋಗಿ ಹುಲ್ಲಿನ ಮೇಲೆ ಹರಿದುಹೋಗುತ್ತದೆ. ಕಟ್ಟಿಕೊಂಡಿದ್ದರೆ ಅಂಚಿನ ಮೇಲೆ ತುಳುಕಿ ತಳಪಾಯದ ಬುಡಕ್ಕೇ ಬೀಳುತ್ತದೆ.

ಕಟ್ಟಿದ ದೋಣಿ ಏನು ಮಾಡುತ್ತದೆ

ಮೊದಲು ಹಾಳಾಗುವುದು ದೋಣಿಯನ್ನು ಹೊತ್ತ ಹಲಗೆ. ಹಸಿ ಎಲೆಯ ಗೊಜ್ಜು ವಾರಗಟ್ಟಲೆ ತಾಗಿಕೊಂಡಿದ್ದರೆ ಮರ ಕೊಳೆಯುತ್ತದೆ, ಮೊಳೆ ಸಡಿಲವಾಗುತ್ತದೆ, ನೀರು ಮತ್ತು ಮಂಜುಗಡ್ಡೆಯ ಭಾರಕ್ಕೆ ದೋಣಿ ಜೋತುಬೀಳುತ್ತದೆ. ಎರಡನೆಯ ಹಾನಿ ನೆಲಮಾಳಿಗೆಗೆ. ತಳಪಾಯದ ಸುತ್ತ ನೆನೆದ ಮಣ್ಣು ಗೋಡೆಯನ್ನು ಒತ್ತುತ್ತದೆ. ಬಿರುಕಿನಲ್ಲಿ ನೀರು ಜಿನುಗುತ್ತದೆ. ಸಂಪ್ ಪಂಪ್ ಬಿಡುವಿಲ್ಲದೆ ಓಡುತ್ತದೆ. ದಿಢೀರನೆ ಒಡೆದ ಕೊಳವೆಯ ಹಾನಿಗೆ ಮನೆ ವಿಮೆ ನೆರವಾಗಬಹುದು. ವರ್ಷಗಳ ಕಾಲ ಜಿನುಗಿದ ನೀರಿಗೆ, ನಿರ್ವಹಣೆಯ ಕೊರತೆಗೆ, ಅದು ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಮೂರನೆಯದು ನಮ್ಮ ಕ್ಷೇತ್ರಕ್ಕೆ ನೇರವಾಗಿ ಸೇರಿದ್ದು. ತುಳುಕಿದ ನೀರು ಜನವರಿಯಲ್ಲಿ ಮುಂಬಾಗಿಲ ಮೆಟ್ಟಿಲಿನ ಮೇಲೆ, ಕಾರು ನಿಲ್ಲಿಸುವ ಹಾದಿಯ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಬೆಳಗಿನ ಕತ್ತಲಲ್ಲಿ ಕೆಲಸಕ್ಕೆ ಹೊರಟವರು ಜಾರಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ. ವಯಸ್ಸಾದವರು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಎಪ್ಪತ್ತು ದಾಟಿದವರ ಸೊಂಟದ ಮೂಳೆ ಮುರಿದರೆ ಅದು ಬರಿಯ ಮೂಳೆಯ ವಿಷಯವಾಗಿ ಉಳಿಯುವುದಿಲ್ಲ. ಅವರಲ್ಲಿ ಅನೇಕರು ಹಿಂದಿನ ನಡಿಗೆಗೆ ಮರಳುವುದೇ ಇಲ್ಲ.

ನಾಲ್ಕನೆಯದು ಸೊಳ್ಳೆ. ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆಂಬುದನ್ನು ಡೆಂಗಿ ಕಂಡ ನಾಡಿನಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿನಲ್ಲಿ ಹೂಕುಂಡ, ಟೈರು, ತೆಂಗಿನ ಚಿಪ್ಪುಗಳನ್ನು ಬರಿದು ಮಾಡಿದವರು ನಾವು. ಇಲ್ಲಿ ಮಾತ್ರ ತಲೆಯ ಮೇಲಿರುವ ಅರವತ್ತು ಅಡಿ ಉದ್ದದ ತೊಟ್ಟಿಯನ್ನು ಮರೆಯುತ್ತೇವೆ. ಕೊಳೆತ ಎಲೆಯಿರುವ ನೀರು ಕ್ಯೂಲೆಕ್ಸ್ ಸೊಳ್ಳೆಗೆ ಬಲು ಪ್ರಿಯ. ಬೇಸಿಗೆಯಲ್ಲಿ ವಾರದಿಂದ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗುತ್ತದೆ. ವೆಸ್ಟ್ ನೈಲ್ ಜ್ವರವನ್ನು ಹರಡುವುದು ಈ ಸೊಳ್ಳೆಯೇ. 1999ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಆ ರೋಗ 2002ರಲ್ಲಿ ಇಡೀ ದೇಶದಲ್ಲೇ ಅತಿ ಹೆಚ್ಚು ಜನರನ್ನು ಬಾಧಿಸಿದ್ದು ನಮ್ಮ ಇಲಿನಾಯ್ ರಾಜ್ಯದಲ್ಲಿ.

ಆದ್ದರಿಂದ ‘ಇರಲಿ ಬಿಡಿ, ಮುಂದಿನ ವರ್ಷ ನೋಡೋಣ’ ಎನ್ನುವುದನ್ನು ನಾವು ಸುರಕ್ಷತೆ ಎಂದು ಕರೆಯಲಾರೆವು. ಕೆಲಸ ಆಗಲೇಬೇಕು. ಅದು ಹೇಗೆ, ಯಾರಿಂದ ಎಂಬುದೇ ಮುಂದಿನ ಪ್ರಶ್ನೆ.

ಒಂದು ಸೆಕೆಂಡಿನ ಲೆಕ್ಕ

ಎರಡಂತಸ್ತಿನ ಮನೆಯ ಸೂರಿಗೆ ಕೈ ಎಟುಕಬೇಕಾದರೆ ನಮ್ಮ ಪಾದಗಳು ನೆಲದಿಂದ ಸುಮಾರು 14 ಅಡಿ ಮೇಲಿರಬೇಕು. ಅಲ್ಲಿಂದ ಬಿದ್ದ ದೇಹ ಒಂದು ಸೆಕೆಂಡು ತುಂಬುವುದರೊಳಗೆ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 33 ಕಿಲೋಮೀಟರ್. ‘ಜಾರಿದರೆ ಹಿಡಿದುಕೊಳ್ಳುತ್ತೇನೆ’ ಎಂಬ ಮಾತಿಗೆ ಆ ಒಂದು ಸೆಕೆಂಡಿನಲ್ಲಿ ಜಾಗವಿಲ್ಲ.

ಕಾಲೂರಿ ಬಿದ್ದರೆ ಹಿಮ್ಮಡಿಯ ಮೂಳೆ ಪುಡಿಯಾಗುತ್ತದೆ. ಅದೇ ಹೊಡೆತ ಮೇಲಕ್ಕೇರಿ ಎದೆಗೂಡು ಮುಗಿದು ಸೊಂಟ ಆರಂಭವಾಗುವಲ್ಲಿ ಬೆನ್ನುಮೂಳೆಯ ಒಂದು ಮಣಿಯನ್ನು ಒಡೆಯಬಹುದು. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದುಕೊಂಡವರ ಬೆನ್ನನ್ನೂ ಪರೀಕ್ಷಿಸಬೇಕೆಂದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವುದು ಇದೇ ಕಾರಣಕ್ಕೆ. ಒಡೆದ ಮಣಿಯ ಚೂರು ಬೆನ್ನುಹುರಿಯನ್ನು ಒತ್ತಿದರೆ ಕಾಲುಗಳ ಬಲ, ಮೂತ್ರದ ಹಿಡಿತ ಎರಡೂ ಹೋಗಬಹುದು. ಕೈಯೂರಿ ಬಿದ್ದರೆ ಮಣಿಕಟ್ಟು, ಮೊಣಕೈ. ಹಿಂದಕ್ಕೆ ಬಿದ್ದರೆ ತಲೆ.

ನಮ್ಮ ಸಮುದಾಯಕ್ಕೆ ಇದರಲ್ಲಿ ಕೆಲವು ವಿಶೇಷ ಅಪಾಯಗಳಿವೆ. ಮಧುಮೇಹ ನಮ್ಮಲ್ಲಿ ಹೆಚ್ಚು. ಹಲವು ವರ್ಷ ಮಧುಮೇಹವಿದ್ದವರ ಪಾದಗಳಿಗೆ ಏಣಿಯ ಮೆಟ್ಟಿಲು ಸರಿಯಾಗಿ ತಿಳಿಯದಿರಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳು ಬಗ್ಗಿ ಎದ್ದಾಗ, ಕತ್ತೆತ್ತಿ ನೋಡಿದಾಗ ತಲೆ ತಿರುಗಿಸುತ್ತವೆ. ನಲವತ್ತು ದಾಟಿದ ಮೇಲೆ ನಾವು ಹಾಕಿಕೊಳ್ಳುವ ಬೈಫೋಕಲ್, ಪ್ರೋಗ್ರೆಸಿವ್ ಕನ್ನಡಕಗಳ ಕೆಳಭಾಗ ಪುಸ್ತಕ ಓದಲೆಂದು ಮಾಡಿದ್ದು. ಅದರ ಮೂಲಕ ಕೆಳಗಿನ ಮೆಟ್ಟಿಲನ್ನು ನೋಡಿದರೆ ಅದು ಮಸುಕಾಗಿ ಕಾಣುತ್ತದೆ. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೃದುವಾದವರೂ ನಮ್ಮಲ್ಲಿ ಅನೇಕರು. ಇವುಗಳಲ್ಲಿ ಒಂದೊಂದೂ ಸಣ್ಣ ವಿಷಯ. ಏಣಿಯ ಹತ್ತನೆಯ ಮೆಟ್ಟಿಲಿನ ಮೇಲೆ ಅವು ಒಟ್ಟುಗೂಡುತ್ತವೆ.

ಊರಿನಿಂದ ಬಂದ ಹಿರಿಯರು

ನಮ್ಮ ಹಿರಿಯರು ಸಾಮಾನ್ಯವಾಗಿ ವಸಂತದಲ್ಲೋ ಬೇಸಿಗೆಯಲ್ಲೋ ಬಂದು, ಆರು ತಿಂಗಳಿದ್ದು, ಚಳಿ ಬಲಿಯುವ ಮುನ್ನ ಹಿಂದಿರುಗುತ್ತಾರೆ. ಎಲೆ ಉದುರುವುದೂ ಅವರ ವಾಸದ ಕೊನೆಯ ವಾರಗಳೂ ಅನೇಕ ಮನೆಗಳಲ್ಲಿ ಒಟ್ಟಿಗೆ ಬರುತ್ತವೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಅವರಿಗೆ ಹೊತ್ತು ಹೋಗುವುದಿಲ್ಲ. ಮಕ್ಕಳಿಗೆ ಒಂದು ಕೆಲಸ ಹಗುರ ಮಾಡೋಣ ಎಂಬ ಪ್ರೀತಿಯೂ ಇರುತ್ತದೆ. ‘ತೋಟದಲ್ಲಿ ಎಂತೆಂಥ ಮರ ಹತ್ತಿದವನು ನಾನು, ಇದೇನು ಮಹಾ’ ಎನ್ನುತ್ತಾರೆ. ಹತ್ತಿದ್ದು ನಿಜ. ಅದು ಐವತ್ತು ವರ್ಷಗಳ ಹಿಂದಿನ ಮಾತು.

ಈ ಹಿರಿಯರಲ್ಲಿ ಅನೇಕರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದ ಮಾತ್ರೆಗಳನ್ನು ನುಂಗುವವರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಔಷಧಗಳು ಹೃದಯವನ್ನು ಕಾಪಾಡುತ್ತವೆ. ತಲೆಗೆ ಪೆಟ್ಟು ಬಿದ್ದಾಗ ಮಾತ್ರ ಒಳಗಿನ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ವಯಸ್ಸಾದವರಲ್ಲಿ ಆ ರಕ್ತ ಮೆದುಳಿನ ಮೇಲೆ ನಿಧಾನವಾಗಿ ಸಂಗ್ರಹವಾಗಿ, ಬಿದ್ದ ಎರಡು ಮೂರು ವಾರಗಳ ನಂತರ ಮರೆವು, ತಲೆನೋವು, ನಡಿಗೆಯಲ್ಲಿ ತಡವರಿಕೆಯಾಗಿ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಅವರು ವಿಮಾನ ಹತ್ತಿರಬಹುದು.

ಇನ್ನು ಖರ್ಚಿನ ಮಾತು. ಪ್ರವಾಸಿಗಳಾಗಿ ಬಂದ ಹಿರಿಯರಿಗೆ ಮೆಡಿಕೇರ್ ಇಲ್ಲ. ಅಗ್ಗದ ಪ್ರವಾಸಿ ವಿಮೆಗಳಲ್ಲಿ ಹಲವು ಪ್ರತಿಯೊಂದು ಚಿಕಿತ್ಸೆಗೂ ಇಂತಿಷ್ಟೇ ಎಂದು ಮಿತಿ ಹಾಕಿರುತ್ತವೆ. ಮೊದಲೇ ಇದ್ದ ಕಾಯಿಲೆಗಳನ್ನು ಹೊರಗಿಟ್ಟಿರುತ್ತವೆ. ಶಸ್ತ್ರಚಿಕಿತ್ಸೆ, ತೀವ್ರ ನಿಗಾ ಘಟಕದ ವಾಸ ಇವುಗಳ ಬಿಲ್ಲು ಆ ಮಿತಿಯನ್ನು ಮೊದಲ ದಿನವೇ ದಾಟಬಹುದು. ಏಣಿಗೆ ಹೋಲಿಸಿದರೆ ಕೆಲಸದವರಿಗೆ ಕೊಡುವ ಹಣ ಎಷ್ಟು ಎಂದು ಆಗ ಯಾರೂ ಕೇಳುವುದಿಲ್ಲ.

ಹಿರಿಯರಿಗೆ ‘ಬೇಡ’ ಎಂದಷ್ಟೇ ಹೇಳಿದರೆ ನೋವಾಗುತ್ತದೆ. ನೀವು ಕೈಲಾಗದವರು ಎಂದಂತೆ ಕೇಳಿಸುತ್ತದೆ. ನೆಲದ ಮೇಲಿನ ಕೆಲಸಗಳೇ ಬೇಕಾದಷ್ಟಿವೆ. ಅವನ್ನು ನಿಜವಾದ ಕೆಲಸವಾಗಿ ವಹಿಸಿಕೊಡಬೇಕು. ಮಳೆ ಸುರಿಯುವಾಗ ಕಿಟಕಿಯಿಂದ ನೋಡಿ ದೋಣಿ ಎಲ್ಲಿ ತುಳುಕುತ್ತಿದೆ, ಯಾವ ಇಳಿಕೊಳವೆಯಿಂದ ನೀರು ಬರುತ್ತಿಲ್ಲ ಎಂದು ಗುರುತಿಸುವುದರಲ್ಲಿ ಅವರಷ್ಟು ತಾಳ್ಮೆ ನಮಗಿಲ್ಲ. ಮಳೆಯ ನೀರು ಎತ್ತ ಹರಿಯುತ್ತದೆಂದು ನೋಡಿ ತೋಟ ಮಾಡಿದವರು ಅವರು. ಗೋಡೆಯ ಬುಡದ ಮಣ್ಣು ಯಾವ ಕಡೆ ಇಳಿಜಾರಾಗಿದೆ ಎಂಬುದನ್ನು ನಮಗಿಂತ ಚೆನ್ನಾಗಿ ಹೇಳಬಲ್ಲರು.

ನಮ್ಮ ಕೆಲಸವನ್ನು ನಾವೇ ಮಾಡಿಕೊಳ್ಳಬೇಕಲ್ಲವೇ?

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಅದನ್ನು ನಾವು ಗೌರವಿಸುತ್ತೇವೆ. ಊರಿನಲ್ಲಿ ನಮ್ಮಲ್ಲಿ ಅನೇಕರು ಒಂದು ಬಲ್ಬು ಬದಲಿಸುವುದಕ್ಕೂ ಯಾರನ್ನೋ ಕರೆದು ಬೆಳೆದವರು. ಕೈಕೆಲಸವೆಂದರೆ ಇನ್ನೊಬ್ಬರ ಪಾಲಿನದು ಎಂಬ ಹಳೆಯ ಮನೋಭಾವವನ್ನು ಈ ನೆಲ ನಮ್ಮಿಂದ ಬಿಡಿಸಿತು. ನಮ್ಮ ಶೌಚಾಲಯವನ್ನು ನಾವೇ ತೊಳೆಯುತ್ತೇವೆ, ಹುಲ್ಲನ್ನು ನಾವೇ ಕತ್ತರಿಸುತ್ತೇವೆ, ಹಿಮವನ್ನು ನಾವೇ ಗುದ್ದಲಿಯಿಂದ ಸರಿಸುತ್ತೇವೆ. ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆ. ಹೀಗಿರುವಾಗ ದೋಣಿ ಶುಚಿಗೊಳಿಸುವುದಕ್ಕೆ ಬೇರೆಯವರನ್ನು ಕರೆಯಿರಿ ಎನ್ನುವುದು ಹಿಂದಕ್ಕೆ ಹೋದಂತಲ್ಲವೇ ಎಂದು ಸ್ನೇಹಿತರು ಕೇಳುತ್ತಾರೆ.

ಶ್ರಮದ ಗೌರವಕ್ಕೆ ಎರಡು ಮುಖಗಳಿವೆ ಎಂಬುದು ನಮ್ಮ ಉತ್ತರ. ಕೈಕೆಲಸ ಕೀಳಲ್ಲ ಎಂದು ತಿಳಿಯುವುದು ಒಂದು ಮುಖ. ಅದು ಒಂದು ವಿದ್ಯೆ, ಅದಕ್ಕೆ ಅಭ್ಯಾಸವೂ ಸಲಕರಣೆಯೂ ಬೇಕು ಎಂದು ಒಪ್ಪುವುದು ಇನ್ನೊಂದು. ಮಲೆನಾಡಿನ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ದಾಟಿ ಕೊನೆ ಇಳಿಸುವ ಕೊನೆಗೌಡನ ಕೆಲಸವನ್ನು ತೋಟದ ಒಡೆಯ ತಾನೂ ಮಾಡಬಲ್ಲೆನೆಂದು ಎಂದೂ ಹೇಳುವುದಿಲ್ಲ. ವರ್ಷದಲ್ಲಿ ಎರಡು ದಿನ ಏಣಿ ಹತ್ತುವ ನಾವೂ, ದಿನಕ್ಕೆ ಆರು ಮನೆಗಳ ಏಣಿ ಹತ್ತುವವರೂ ಒಂದೇ ಅಲ್ಲ.

ಕರೆಸುವಾಗಲೂ ಒಂದು ಧರ್ಮವಿದೆ. ಎಲ್ಲರಿಗಿಂತ ಕಡಿಮೆ ಕೇಳಿದವರನ್ನು, ವಿಮೆಯಿಲ್ಲದ ಒಂಟಿ ಕೆಲಸಗಾರನನ್ನು, ಕರೆದು ಹತ್ತಿಸುವುದು ನಮ್ಮ ಅಪಾಯವನ್ನು ಬಡವನೊಬ್ಬನ ಹೆಗಲಿಗೆ ದಾಟಿಸಿದಂತೆ. ಅವನ ಬೆನ್ನುಮೂಳೆಯೂ ನಮ್ಮದರಂತೆಯೇ ಮುರಿಯುತ್ತದೆ. ಮರದಿಂದ ಬಿದ್ದು ಹಾಸಿಗೆ ಹಿಡಿದ ಕೊನೆಗಾರರ ಮನೆಗಳನ್ನು ಮಲೆನಾಡು, ಕರಾವಳಿಯ ಸದಸ್ಯರು ಕಣ್ಣಾರೆ ಕಂಡಿದ್ದಾರೆ. ಕೆಲಸಗಾರರ ವಿಮೆ ಮತ್ತು ಹೊಣೆಗಾರಿಕೆಯ ವಿಮೆ ಎರಡರ ಪತ್ರವನ್ನೂ ಕೇಳಿ ನೋಡಬೇಕು. ಕೇಳುವುದರಲ್ಲಿ ಸಂಕೋಚ ಬೇಡ. ಅದನ್ನು ತೋರಿಸುವವರ ದರ ಸ್ವಲ್ಪ ಹೆಚ್ಚಿರುತ್ತದೆ. ಸಾಧಾರಣ ಮನೆಯೊಂದಕ್ಕೆ ಸಾಮಾನ್ಯವಾಗಿ 150ರಿಂದ 300 ಡಾಲರ್ ಆಗಬಹುದು. ಕುಟುಂಬವೆಲ್ಲ ಎರಡು ಮೂರು ಸಲ ಹೋಟೆಲಿನಲ್ಲಿ ಊಟ ಮಾಡುವ ವೆಚ್ಚ.

ದೋಟಿಯ ಪಾಠ

ನೆಲದ ಮೇಲೆ ನಿಂತೇ ಮಾಡಬಹುದಾದುದೂ ಬಹಳವಿದೆ. ಇದರಲ್ಲಿ ನಮ್ಮೂರಿನ ರೈತರು ನಮಗಿಂತ ಮುಂದೆ ಹೋಗಿದ್ದಾರೆ. ಕೊನೆಗಾರರು ಸಿಗುವುದು ಕಷ್ಟವಾದ ಮೇಲೆ, ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ಅಡಿಕೆ ಮರ ಏರುವ ಮೋಟಾರು ಯಂತ್ರವನ್ನು ಮಾಡಿದ್ದು 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಅದಕ್ಕಿಂತ ಸರಳವಾದ ಉಪಾಯ ಕಾರ್ಬನ್ ಫೈಬರಿನ ದೋಟಿ. ಹಗುರವಾದ, ಒಂದರೊಳಗೊಂದು ಸೇರುವ ಆ ಉದ್ದನೆಯ ಗಳುವಿನಿಂದ ಈಗ ಎಷ್ಟೋ ತೋಟಗಳಲ್ಲಿ ಮರ ಹತ್ತದೆಯೇ ಕೊನೆ ಕೊಯ್ಯುತ್ತಾರೆ, ಔಷಧಿ ಸಿಂಪಡಿಸುತ್ತಾರೆ.

ಇಲ್ಲಿಯ ಅಂಗಡಿಗಳಲ್ಲೂ ಅಂತಹ ದೋಟಿಗಳು ದೊರೆಯುತ್ತವೆ. ತುದಿ ಬಾಗಿದ ಉದ್ದನೆಯ ಕೊಳವೆಯನ್ನು ನೀರಿನ ಪೈಪಿಗೆ ಸೇರಿಸಿ ದೋಣಿಯನ್ನು ತೊಳೆಯಬಹುದು. ಒಣ ಎಲೆಯಾದರೆ ಅದೇ ಬಗೆಯ ಕೊಳವೆಯನ್ನು ಎಲೆ ಊದುವ ಯಂತ್ರಕ್ಕೋ, ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮಿಗೋ ಜೋಡಿಸಬಹುದು. ಒಂದಂತಸ್ತಿನ ಸೂರಿಗೆ ಇಷ್ಟು ಸಾಕು. ಮೇಲೆ ಏನಿದೆ ಎಂದು ನೋಡಲು ಗಳುವಿನ ತುದಿಗೆ ಫೋನನ್ನು ಕಟ್ಟಿ ವಿಡಿಯೋ ತೆಗೆದರಾಯಿತು. ಈ ಕೆಲಸಕ್ಕೆ ಮಕ್ಕಳು ತಾವಾಗಿಯೇ ಓಡಿ ಬರುತ್ತಾರೆ. ತೊಳೆಯುವ ಮೊದಲು ಕಸವನ್ನು ನೆನೆಸಬೇಕು, ಮೂಗು ಬಾಯಿಗೆ ಮುಖಗವಸು ಇರಬೇಕು. ಒಹಾಯೋ, ಮಿಸಿಸಿಪ್ಪಿ ನದಿಗಳ ಕಣಿವೆಯ ಈ ಸೀಮೆಯಲ್ಲಿ ಹಕ್ಕಿ, ಬಾವಲಿಗಳ ಹಿಕ್ಕೆ ಸೇರಿದ ಒಣ ಧೂಳಿನಲ್ಲಿ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರವಿರಬಹುದು. ಅದು ಶ್ವಾಸಕೋಶಕ್ಕೆ ಸೋಂಕು ತರುತ್ತದೆ.

ದೋಣಿಯ ಮೇಲೆ ಜಾಲರಿ ಮುಚ್ಚಿದರೆ ಈ ಗೋಜೇ ಇಲ್ಲ ಎಂದು ಮಾರಾಟಗಾರರು ಬಾಗಿಲು ತಟ್ಟುತ್ತಾರೆ. ಒಳ್ಳೆಯ ಜಾಲರಿ ಕೆಲಸವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಮೇಪಲ್ ಬೀಜ, ಪೈನ್ ಸೂಜಿ, ಮಾಡಿನ ಶಿಂಗಲ್‌ಗಳಿಂದ ಉದುರುವ ಮರಳು ಅದರ ಮೇಲೆಯೇ ಕೂರುತ್ತವೆ. ಚಳಿಗಾಲದಲ್ಲಿ ಸೂರಿನಂಚಿಗೆ ಕಟ್ಟುವ ಮಂಜುಗಡ್ಡೆಯ ಒಡ್ಡಿಗೂ ಮುಖ್ಯ ಕಾರಣ ಅಟ್ಟದಿಂದ ಸೋರುವ ಬಿಸಿ. ಅದಕ್ಕೆ ಮದ್ದು ಅಟ್ಟದ ನಿರೋಧಕವನ್ನು ಸರಿಪಡಿಸುವುದು. ಸಾವಿರಾರು ಡಾಲರಿನ ಕರಾರಿಗೆ ಅದೇ ಸಂಜೆ ಸಹಿ ಹಾಕಬೇಡಿ.

ಹತ್ತಲೇಬೇಕೆಂದಿದ್ದರೆ

ಇಷ್ಟೆಲ್ಲ ಹೇಳಿದ ಮೇಲೂ ಒಂದಂತಸ್ತಿನ ಸೂರಿಗೆ ಏಣಿ ಹಾಕುವವರು ಇರುತ್ತಾರೆ. ಆರೋಗ್ಯವಂತರಾದ, ತಲೆಸುತ್ತಾಗಲಿ ರಕ್ತದ ಮಾತ್ರೆಗಳಾಗಲಿ ಇಲ್ಲದ ಅವರಿಗೆ ನಾವು ಬೇಡವೆನ್ನುವುದಿಲ್ಲ. ಕೆಲವು ನಿಯಮಗಳನ್ನು ಮಾತ್ರ ಮೀರಬಾರದು. ಏಣಿ ಗೋಡೆಗೆ ತಾಗುವ ಎತ್ತರ ನಾಲ್ಕು ಅಡಿಯಾದರೆ ಅದರ ಬುಡ ಗೋಡೆಯಿಂದ ಒಂದಡಿ ದೂರವಿರಬೇಕು. ಎಂಟು ಅಡಿಗೆ ಎರಡಡಿ. ನೆಲ ಗಟ್ಟಿಯಾಗಿ, ಸಮನಾಗಿ, ಒಣಗಿರಬೇಕು. ಏಣಿಯನ್ನು ದೋಣಿಗೇ ಒರಗಿಸಬಾರದು, ಅದು ಪಕ್ಕಕ್ಕೆ ಜಾರುತ್ತದೆ. ಗೋಡೆಗೆ ಒರಗುವ ಅಗಲವಾದ ಕವಲನ್ನು ಏಣಿಯ ತಲೆಗೆ ಜೋಡಿಸಿಕೊಳ್ಳಬೇಕು. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಸದಾ ಏಣಿಯ ಮೇಲಿರಬೇಕು. ಸೊಂಟದ ಬೆಲ್ಟಿನ ಬಕಲ್ ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು. ಇನ್ನೊಂದೇ ಹಿಡಿ ಎಲೆ ಎಂದು ಪಕ್ಕಕ್ಕೆ ಚಾಚುವಾಗಲೇ ಬೀಳುವುದು. ಇಳಿದು ಏಣಿಯನ್ನು ಸರಿಸಿ ಮತ್ತೆ ಹತ್ತಬೇಕು. ವಿದ್ಯುತ್ ತಂತಿ ಮನೆ ಸೇರುವ ಕಡೆ ಅಲ್ಯುಮಿನಿಯಂ ಏಣಿ ಬೇಡವೇ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರೇ ಇರುವಾಗ ಹತ್ತಬಾರದು. ಕೆಳಗೆ ಏಣಿ ಹಿಡಿದು ನಿಂತವರು ‘ಸಾಕು, ಇಳಿಯಿರಿ’ ಎಂದರೆ ಅದೇ ಕೊನೆಯ ಮಾತಾಗಬೇಕು. ಬಹುತೇಕ ಮನೆಗಳಲ್ಲಿ ಹಾಗೆ ನಿಲ್ಲುವವರು ಗೃಹಿಣಿಯರು. ಅವರ ಎಚ್ಚರಿಕೆಯನ್ನು ಭಯವೆಂದು ನಗೆಯಾಡದಿರೋಣ.

ಯಾರಾದರೂ ಬಿದ್ದರೆ, ಎಬ್ಬಿಸಿ ಕೂರಿಸಿ ನೀರು ಕುಡಿಸುವುದು ನಮ್ಮ ಸಹಜ ಪ್ರವೃತ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತು, ಬೆನ್ನು ಅಲುಗದಂತೆ ಅವರನ್ನು ಇದ್ದಲ್ಲೇ ಇರಗೊಟ್ಟು, ಹೊದಿಕೆ ಹೊದಿಸಿ, 911ಕ್ಕೆ ಕರೆ ಮಾಡಿ. ರಕ್ತದ ಮಾತ್ರೆ ನುಂಗುವವರ ತಲೆಗೆ ಪೆಟ್ಟಾಗಿದ್ದರೆ, ಎದ್ದು ನಗುತ್ತಾ ಮಾತಾಡುತ್ತಿದ್ದರೂ, ಅದೇ ದಿನ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು.

ಸಂಘದ ಮುಂದೆ ಒಂದು ವಿನಂತಿ

ಈ ಕೆಲಸಕ್ಕೆ ನಮ್ಮದೇ ಪಂಚಾಂಗವೊಂದನ್ನು ಇಟ್ಟುಕೊಳ್ಳುವುದು ಸುಲಭ. ಯುಗಾದಿಗೆ ಮನೆ ಶುಚಿಗೊಳಿಸುವಾಗ ಅಂಗಳದಲ್ಲಿ ನಿಂತು ಸೂರನ್ನೊಮ್ಮೆ ಸುತ್ತು ಹಾಕಿ ನೋಡುವುದು: ಹಿಮದ ಭಾರಕ್ಕೆ ದೋಣಿ ಜೋತುಬಿದ್ದಿದೆಯೇ, ಇಳಿಕೊಳವೆಯ ತುದಿ ಗೋಡೆಯಿಂದ ದೂರವಿದೆಯೇ ಎಂದು. ಜೂನ್ ತಿಂಗಳಲ್ಲಿ ಮೇಪಲ್ ಬೀಜಗಳು ಉದುರಿ ಮುಗಿದ ಮೇಲೆ ಒಂದು ಶುಚಿ. ದೀಪಾವಳಿ, ರಾಜ್ಯೋತ್ಸವಗಳು ಕಳೆದು ಥ್ಯಾಂಕ್ಸ್‌ಗಿವಿಂಗ್ ಬರುವುದರೊಳಗೆ, ಓಕ್ ಮರಗಳೂ ಬಹುಪಾಲು ಬರಿದಾದಾಗ, ಇನ್ನೊಂದು ಶುಚಿ.

ಇದನ್ನು ಒಬ್ಬೊಬ್ಬರೇ ಏಕೆ ಮಾಡಬೇಕು? ಒಂದೇ ಬಡಾವಣೆಯಲ್ಲಿ ಐದಾರು ಸದಸ್ಯ ಕುಟುಂಬಗಳಿದ್ದರೆ ಒಂದೇ ದಿನ ಒಂದೇ ತಂಡವನ್ನು ಕರೆಸಬಹುದು. ದರವೂ ಇಳಿಯುತ್ತದೆ, ವಿಮೆಯ ಪತ್ರವನ್ನು ಒಬ್ಬರು ನೋಡಿದರೆ ಎಲ್ಲರಿಗೂ ಸಾಕು. ಒಂದು ಒಳ್ಳೆಯ ದೋಟಿಯನ್ನು ಸಂಘವೇ ಕೊಂಡು, ಗಣೇಶನ ಹಬ್ಬದ ದೊಡ್ಡ ಪಾತ್ರೆಗಳಂತೆ, ಬೇಕಾದವರ ಮನೆಗೆ ಸರದಿಯಲ್ಲಿ ಕಳುಹಿಸಬಹುದು. ಒಂಟಿಯಾಗಿರುವ ಹಿರಿಯ ಸದಸ್ಯರ ಮನೆಗಳಿಗೆ ನಮ್ಮ ಯುವಕ ಯುವತಿಯರು ದೋಟಿಯೊಂದಿಗೆ ಹೋಗಿ, ನೆಲದ ಮೇಲೆ ನಿಂತೇ, ಒಂದು ಬೆಳಗಿನಲ್ಲಿ ಕೆಲಸ ಮುಗಿಸಿ ಬರಬಹುದು. ಕಾಫಿ, ಉಪ್ಪಿಟ್ಟು ಆ ಮನೆಯಲ್ಲಿ ಸಿಕ್ಕೇ ಸಿಗುತ್ತದೆ.

ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ವಿಷಯವನ್ನು ಹದಿನೈದು ನಿಮಿಷ ಚರ್ಚಿಸಬೇಕೆಂದು ಕೋರುತ್ತೇವೆ. ಅಲ್ಲಿಯವರೆಗೆ ಸದಸ್ಯರಲ್ಲಿ ಒಂದೇ ಪ್ರಾರ್ಥನೆ: ಈ ಶನಿವಾರ ಗರಾಜಿನಿಂದ ಏಣಿ ತೆಗೆಯುವ ಮೊದಲು, ಅದನ್ನು ಹತ್ತುವವರ ವಯಸ್ಸು, ಅವರು ನುಂಗುವ ಮಾತ್ರೆಗಳು, ಸೂರಿನ ಎತ್ತರ ಈ ಮೂರನ್ನೂ ಮನೆಮಂದಿಯೆಲ್ಲ ಕುಳಿತು ಒಮ್ಮೆ ಮಾತಾಡಿಕೊಳ್ಳಿ. ಆ ಮಾತುಕತೆಗೆ ಐದು ನಿಮಿಷ ಸಾಕು.

ಇಂತು ನಿಮ್ಮ,
ಆರೋಗ್ಯ ವಿಭಾಗದ ಸ್ವಯಂಸೇವಕ ವೈದ್ಯರು